ಎಡ ಹುಬ್ಬಿನ ಮೇಲಿನ ಗೀರು

ನನ್ನ ಹೆಂಡತಿಯ ಶ್ರದ್ಧಾಂಜಲಿಯ ಬ್ಯಾನರನ್ನು ನಾನೇ ಮಾಡಿದೆ. ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಫ್ಲೆಕ್ಸ್ ಅಂಗಡಿಯಲ್ಲಿ ಬಹಳ ವರ್ಷಗಳಿಂದ ನಾನು ಡಿಸೈನ್ ಮಾಡುವವನು. ಹುಟ್ಟುಹಬ್ಬ, ಚುನಾವಣೆ, ಮನೆಯ ವಾಸ್ತು, ಸಾವು, ಯಾವುದೇ ಇರಲಿ, ಜನ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿ ಸಂಜೆಯೊಳಗೆ ಬೇಕು ಅನ್ನುತ್ತಾರೆ. ಮಣ್ಣು ಕೊಟ್ಟು ಬಂದ ಮರುದಿನ ಅಂಗಡಿಯ ಮಾಲೀಕರು ಮನೆಗೆ ಬಂದಿದ್ದರು.

"ನೀವ್ ಬರೂದ್ ಬ್ಯಾಡ್ರಿ. ಬ್ಯಾರೆಯವರ ಕಡಿಂದ ಮಾಡಸ್ತೀನಿ," ಅಂದರು.

ನಾನು ಕೇಳಲಿಲ್ಲ. ನೆಂಟರು ತುಂಬಿದ ಮನೆಯಲ್ಲಿ ಕೂತಿರಲು ಆಗುತ್ತಿರಲಿಲ್ಲ. ಅಂಗಡಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ನನ್ನ ಅಕ್ಕನ ಮಗನ ಲಗ್ನದಲ್ಲಿ ತೆಗೆದ ಅವಳ ಫೋಟೋ ಇತ್ತು. ಕೈ ತನ್ನ ರೂಢಿಯಂತೆ ಕೆಲಸಕ್ಕೆ ಹತ್ತಿತು. ಮುಖ ಒಂದಿಷ್ಟು ಬೆಳ್ಳಗಾಯಿತು, ಕಣ್ಣಿನ ಕೆಳಗಿನ ಕಪ್ಪು ಹೋಯಿತು, ಹಣೆ ನುಣ್ಣಗಾಯಿತು. ಹಿಂದೆ ಮೋಡ, ಬದಿಗೆ ದೀಪ. ಅರ್ಧ ಗಂಟೆಯೂ ಹಿಡಿಯಲಿಲ್ಲ. ಯಾರದೋ ಮನೆಯ ಹೆಣ್ಣುಮಗಳದನ್ನು ಮಾಡಿದ ಹಾಗೆಯೇ ಮಾಡಿ ಮುಗಿಸಿದ್ದೆ.

ಬ್ಯಾನರು ಓಣಿಯ ತುದಿಯಲ್ಲಿ ನಿಂತಿತು. ತುಕ್ಕಾನಟ್ಟಿಯಿಂದ ಬಂದಿದ್ದ ನನ್ನ ಅತ್ತೆ ಅದರ ಮುಂದೆ ಬಹಳ ಹೊತ್ತು ನಿಂತರು. ಅಂಗೈಯಿಂದ ಮಗಳ ಹಣೆಯನ್ನು ಸವರಿ, "ಚೊಲೊ ಬಂದೈತ್ರಿ," ಅಂದರು. ಒಂಬತ್ತನೇ ಕ್ಲಾಸಿನ ನನ್ನ ಮಗಳು ಮಾತ್ರ ಒಂದು ಸಲ ನೋಡಿ ಮುಖ ತಿರುಗಿಸಿದಳು.

"ಅಪ್ಪಾ, ಅವ್ವನ ಹುಬ್ಬಿನ ಮ್ಯಾಲಿನ ಗೀರ ಎಲ್ಲಿ?"

ಆಗ ನೆನಪಾಯಿತು. ಅವಳ ಎಡ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗೀರಿತ್ತು. ಅಲ್ಲಿ ಕೂದಲು ಬರುತ್ತಿರಲಿಲ್ಲ. ಚಿಕ್ಕವಳಿದ್ದಾಗ ಪಂಚಮಿಯ ಜೋಕಾಲಿಯಿಂದ ಬಿದ್ದದ್ದು ಎಂದು ಲಗ್ನವಾದ ಹೊಸದರಲ್ಲಿ ಹೇಳಿದ್ದಳು. ಯಾರ ಮುಖದಲ್ಲಿ ಕಲೆ ಕಂಡರೂ ಅಳಿಸುವ ಕೈ ಅದನ್ನೂ ಅಳಿಸಿತ್ತು. "ಇದು ನಮ್ಮವ್ವ ಅಲ್ಲ," ಎಂದು ಮಗಳು ಒಳಗೆ ಹೋದಳು. ಬ್ಯಾನರು ಬಿಸಿಲಿಗೆ ಬಣ್ಣಗೆಡುವತನಕ ಅವಳು ಸಾಲಿಗೆ ಇನ್ನೊಂದು ದಾರಿಯಿಂದ ಹೋದಳು.

ಸಾವು ಬಂದದ್ದು ಹೇಗೆಂದು ಕೇಳಿದವರಿಗೆ ನಾನು ಹೇಳುತ್ತಿದ್ದದ್ದು ಇಷ್ಟೇ: ತಲೆ ನೋಯುತ್ತದೆ ಎಂದು ಮಲಗಿದಳು, ಬೆಳಗಾವಿಗೆ ಒಯ್ದೆವು, ವಾರ ತುಂಬುವುದರೊಳಗೆ ಮುಗಿಯಿತು. ಹೇಳುವಾಗಲೂ ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಅಂಗಡಿಯಲ್ಲಿ ಕೂತರೆ ಎದ್ದು ಹೊರಗೆ ಬರುತ್ತಿದ್ದೆ, ಹೊರಗೆ ಬಂದರೆ ಗಾಡಿಗೆ ಕಿಕ್ ಹೊಡೆಯುತ್ತಿದ್ದೆ. ಫಾಲ್ಸ್ ತನಕ ಹೋಗಿ, ನೀರಿನ ಕಡೆ ನೋಡದೆಯೇ ತಿರುಗಿ ಬರುತ್ತಿದ್ದೆ. ಕೊನೆಗೆ ಮಾಲೀಕರೇ, "ಸ್ವಲ್ಪ ದಿವಸ ಸೂಟಿ ತಗೋರಿ. ಮೊನ್ನೆ ಸತ್ತಾಂವಗ ಹುಟ್ಟುಹಬ್ಬದ ಶುಭಾಶಯ ಹಾಕಿ ಕೊಟ್ಟೀರಿ," ಅಂದರು. ಪುಣ್ಯಕ್ಕೆ ಅಚ್ಚಾಗುವ ಮೊದಲೇ ಅವರು ನೋಡಿದ್ದರು.

ನನ್ನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ತವರಿನ ಪರಿಚಯ, ಅಕ್ಕನ ಗಂಡನ ಮನೆಯ ಪರಿಚಯ ಎಂದು ಮೂಡಲಗಿ, ಹುಕ್ಕೇರಿ ಕಡೆಯಿಂದಲೂ ಬಟ್ಟೆ ಬರುತ್ತಿದ್ದವು. ಅವಳು ಹೋದಾಗ ಕಪಾಟಿನಲ್ಲಿ ಕತ್ತರಿಸದವು, ಕತ್ತರಿಸಿದವು, ಅರ್ಧ ಹೊಲಿದವು ಹಾಗೇ ಉಳಿದಿದ್ದವು. ಮಾತಾಡಿಸಲು ಬಂದ ಹೆಂಗಸರು ಕಣ್ಣೀರು ಒರೆಸಿಕೊಂಡು, ಆ ಕಪಾಟಿನ ಕಡೆ ಒಮ್ಮೆ ನೋಡಿ, ಏನೂ ಕೇಳದೆ ಹೋಗುತ್ತಿದ್ದರು. ಓಣಿಯ ಒಬ್ಬಾಕೆ ಮಾತ್ರ ಬಾಗಿಲಲ್ಲಿ ನಿಂತು, "ಅಣ್ಣಾರ, ಹೆಂಗ ಕೇಳ್ಬೇಕೊ ತಿಳೀವಲ್ದು. ನಂದೊಂದ ಜಂಪರ ಪೀಸ ಇಲ್ಲೇ ಉಳದೈತಿ," ಅಂದಳು. ಹುಡುಕಿ ಕೊಟ್ಟೆ. ಆ ಹೊತ್ತು ಅಷ್ಟರಮಟ್ಟಿಗೆ ಕಳೆಯಿತು. ಮರುದಿನದಿಂದ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡು ಊರೂರಿಗೆ ಹಿಂತಿರುಗಿಸಲು ಹೊರಟೆ. ತಿರುಗಾಡಲು ನನಗೊಂದು ನೆಪ ಬೇಕಾಗಿತ್ತು.

ನಾಗನೂರಿನಲ್ಲಿ ಒಬ್ಬ ಹೆಣ್ಣುಮಗಳು ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಚೀಲದಿಂದ ಬಟ್ಟೆ ತೆಗೆಯುತ್ತಲೇ ಗುರುತು ಹಿಡಿದಳು.

"ಇನ್ನೂ ಹೊಲದಿಲ್ಲೇನ್ರಿ? ಇರಲಿ, ಅವಸರಿಲ್ಲ. ಅಕ್ಕಾರಿಗೆ ಹೇಳ್ರಿ, ಈ ಸಲ ತೋಳ ಒಂಚೂರ ಸಡಲ ಇಡ್ಲಿ ಅಂತ."

ಅವಳಿಗೆ ಸುದ್ದಿ ಮುಟ್ಟಿರಲಿಲ್ಲ. ನಾನು, "ಹೇಳ್ತೀನ್ರಿ," ಅಂದುಬಿಟ್ಟೆ. ಗಾಡಿಯನ್ನು ಊರ ಹೊರಗಿನ ಕಬ್ಬಿನ ಹೊಲದವರೆಗೆ ಓಡಿಸಿಕೊಂಡು ಹೋಗಿ, ಅಲ್ಲಿಂದ ತಿರುಗಿ ಬಂದು ಇದ್ದದ್ದನ್ನು ಹೇಳಿದೆ. ಅವಳು ಮೊರ ಕೆಳಗಿಟ್ಟು, ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡಳು. ಆಮೇಲೆ ಬಟ್ಟೆಯನ್ನು ಮಡಚಿ, "ಇದನ್ನ ಮತ್ತ್ಯಾರಿಗೂ ಹೊಲ್ಯಾಕ ಕೊಡೂದಿಲ್ಲ ಬಿಡ್ರಿ," ಅಂದಳು.

ಹುಕ್ಕೇರಿಯಲ್ಲಿ ಒಬ್ಬ ಮುಸಲ್ಮಾನ ಹಿರಿಯ ಹೆಂಗಸಿನ ಮನೆಗೆ ಹೋದೆ. ಅವರ ಮಗಳ ಮದುವೆಗೆಂದು ಕೊಟ್ಟ ಬ್ಲೌಸಿಗೆ ಒಂದು ತೋಳು ಕೂಡಿಸಿತ್ತು, ಇನ್ನೊಂದಕ್ಕೆ ಟಾಚಣಿ ಪಿನ್ನು ಮಾತ್ರ ಚುಚ್ಚಿತ್ತು. ಮದುವೆ ಎರಡು ವಾರದ ಹಿಂದೆಯೇ ಆಗಿಹೋಗಿತ್ತು. ತಡವಾಯಿತೆಂದು ಕ್ಷಮೆ ಕೇಳಲು ಹೋದರೆ ಅವರು ಕೇಳಿಸಿಕೊಳ್ಳಲಿಲ್ಲ. ಚಹಾ ತರಿಸಿದರು. ನಾನು ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದೆ.

"ಕೂಡ್ರಿ ಭಾಯಿ. ನಿಂತ್ಕೊಂಡ ಕುಡದ್ರ ಚಾ ಮೈಗೆ ಹತ್ತೂದಿಲ್ಲ."

ಕೂತೆ. ಅವರು ಮನೆಯ ಹರಿದ ಬಟ್ಟೆಗೆಂದು ಇಟ್ಟುಕೊಂಡಿದ್ದ ಹಳೆಯ ಹೊಲಿಗೆ ಮಷೀನಿನ ಮುಂದೆ ಕೂತು ಆ ಇನ್ನೊಂದು ತೋಳನ್ನು ಅಲ್ಲೇ ಕೂಡಿಸಿದರು. ಮಷೀನಿನ ಸದ್ದು ನಮ್ಮ ಮುಂದಿನ ಕೋಣೆಯದರಂತೆಯೇ ಇತ್ತು. ಕುಡಿದು ಏಳೋಣವೆಂದರೆ ಚಹಾ ತುಂಬಾ ಬಿಸಿಯಿತ್ತು. ತೋಳಿನೊಳಗೆ ಮಡಚಿಟ್ಟ ಖಾಕಿ ಕಾಗದವೊಂದು ಸಿಕ್ಕಿತು. ನನ್ನ ಹೆಂಡತಿ ಕತ್ತರಿಸಿಟ್ಟುಕೊಂಡಿದ್ದ ತೋಳಿನ ಅಳತೆಯ ಕಾಗದ. "ಇದು ನಿಮ್ದು," ಎಂದು ಅವರು ನನ್ನ ಕೈಗಿತ್ತರು. ಬೀದಿಗೆ ಬಂದು ಬಿಸಿಲಿಗೆ ಹಿಡಿದೆ. ಅಂಚಿನುದ್ದಕ್ಕೂ ಸಾಲಾಗಿ ಸಣ್ಣ ತೂತುಗಳು. ಬಟ್ಟೆಯ ಮೇಲೆ ಗುರುತು ಮೂಡಿಸಲು ಅವಳು ಹಲ್ಲಿರುವ ಒಂದು ಚಿಕ್ಕ ಗಾಲಿಯನ್ನು ಉರುಳಿಸುತ್ತಿದ್ದಳು; ಅದರ ತೂತುಗಳು. ಕಾಗದದಲ್ಲಿ ಇಷ್ಟು ಇಳಿದಿದ್ದರೆ ಅದರ ಕೆಳಗಿನ ಹಲಗೆಯಲ್ಲಿ ಎಷ್ಟು ಇಳಿದಿರಬೇಕು ಎಂಬ ಯೋಚನೆ ಬಂತು. ಯಮಕನಮರಡಿಗೆ ಕೊಡಬೇಕಾದ ಬಟ್ಟೆ ಚೀಲದಲ್ಲೇ ಉಳಿಯಿತು. ನೆಟ್ಟಗೆ ಗೋಕಾಕಕ್ಕೆ ಬಂದೆ.

ಅವಳು ಬಟ್ಟೆ ಕತ್ತರಿಸುತ್ತಿದ್ದದ್ದು ಹಳೆಯ ಮನೆಯೊಂದರ ಕದದ ಮೇಲೆ. ಎರಡು ಸ್ಟೂಲಿನ ಮೇಲೆ ಅದನ್ನು ಅಡ್ಡ ಮಲಗಿಸಿದ್ದಳು. ಕಿಟಕಿಯ ಬೆಳಕಿಗೆ ಬಗ್ಗಿ ನೋಡಿದೆ. ಕದದ ತುಂಬ ಚುಕ್ಕಿಗಳು, ಕತ್ತರಿಯ ಗೆರೆಗಳು, ಒಂದರ ಮೇಲೊಂದು.

ಲಗ್ನಕ್ಕೆ ಮೊದಲು ನಾನು ಧಾರವಾಡದಲ್ಲಿ ಚಿತ್ರಕಲೆ ಓದಿದವನು. ಅಚ್ಚಿನ ಚಿತ್ರ ನನ್ನ ವಿಷಯವಾಗಿತ್ತು. ಮರ ಕೊರೆದು, ಮಸಿ ಸವರಿ, ಕಾಗದ ಇಟ್ಟು ಒತ್ತುವುದು. ಫ್ಲೆಕ್ಸಿಗೆ ಬಂದ ಮೇಲೆ ಉಳಿಗಳು ಅಟ್ಟಕ್ಕೆ ಹೋಗಿದ್ದವು. ಈಗ ಅವನ್ನು ಇಳಿಸಿದೆ. ನಮ್ಮ ಓಣಿಯ ಲಗ್ನಪತ್ರಿಕೆಯ ಪ್ರೆಸ್ಸಿನಿಂದ ಕಪ್ಪು ಮಸಿ, ಒಂದು ಕೈರೋಲರು, ಒಂದು ಕಟ್ಟು ತೆಳು ಕಾಗದ ತಂದೆ. ಕದದ ಒಂದು ಭಾಗಕ್ಕೆ ಮಸಿಯನ್ನು ತೆಳ್ಳಗೆ ಸವರಿ, ಕಾಗದ ಹಾಸಿ, ಊಟದ ಚಮಚದ ಬೆನ್ನಿನಿಂದ ತಿಕ್ಕಿದೆ. ಎತ್ತಿ ನೋಡಿದರೆ ಕಪ್ಪಿನ ನಡುವೆ ಬಿಳಿ ಚುಕ್ಕಿಗಳ ಕೊರಳುಗಳು, ತೋಳುಗಳು, ಬೆನ್ನುಗಳು. ಮಸಿ ಇಳಿಯದ ತಗ್ಗುಗಳೆಲ್ಲ ಅವಳ ಕೈ ಒತ್ತಿದ ಜಾಗಗಳು.

ಸಾಲಿಯಿಂದ ಬಂದ ಮಗಳು ಚೀಲವನ್ನೂ ಇಳಿಸದೆ ನೋಡಿದಳು.

"ಇದು ನನ್ನ ಯೂನಿಫಾರ್ಮಿನ ಕಾಲರ್," ಎಂದು ಒಂದು ಕಡೆ ಬೆರಳಿಟ್ಟಳು. "ಇದು ತುಕ್ಕಾನಟ್ಟಿ ಆಯಿದ ಕುಪ್ಪಸದ ಬೆನ್ನ." ಅವಳ ಬೆರಳಿಗೆ ಮಸಿ ಹತ್ತಿತು. ಅದನ್ನು ಲಂಗಕ್ಕೆ ಒರೆಸಿಕೊಂಡಳು. ಅವಳವ್ವ ಇದ್ದಿದ್ದರೆ ಬೈಯುತ್ತಿದ್ದಳು; ಇಬ್ಬರೂ ಅದನ್ನೇ ನೆನೆದೆವೆಂದು ಕಾಣುತ್ತದೆ, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಮೇಲೆ ನನಗೆ ಹುಚ್ಚು ಹಿಡಿದಂತಾಯಿತು. ಎದ್ದ ಕೂಡಲೆ ಮಸಿ, ಉಂಡು ಕೈ ತೊಳೆದ ಮೇಲೆ ಮಸಿ. ಕದವನ್ನು ತಿರುವಿ, ಮಗುಚಿ, ಮತ್ತೆ ಮತ್ತೆ ಒತ್ತಿದೆ. ಬಟ್ಟೆ ಒಣಹಾಕುವ ಹಗ್ಗದ ತುಂಬ ಕಪ್ಪು ಕಾಗದಗಳು ನೇತಾಡಿದವು. ಅಷ್ಟಾದರೂ ಸಮಾಧಾನವಿಲ್ಲ. ಅವಳ ಕೈ ಇತ್ತು, ಮುಖವಿರಲಿಲ್ಲ. ಕದದ ನಡುವೆಯೇ ಅವಳ ಮುಖ ಕೊರೆಯೋಣವೆಂದು ಉಳಿ ಹಿಡಿದೆ. ಮಗಳು ಬಂದು ಕದದ ಮೇಲೆ ಎರಡೂ ಅಂಗೈ ಊರಿದಳು.

"ಇದನ್ನ ಕೊರೀಬ್ಯಾಡ. ಬ್ಯಾರೆ ಕಟಗಿ ತಗೊಂಡ ಬಾ."

ಅವಳ ದನಿ ಏರಿರಲಿಲ್ಲ, ಆದರೆ ಕೈ ತೆಗೆಯಲಿಲ್ಲ. ನಾನು ಉಳಿ ಕೆಳಗಿಟ್ಟೆ.

ಬೇಸಿಗೆ ಸೂಟಿಗೆ ಮಗಳು ತುಕ್ಕಾನಟ್ಟಿಗೆ ಆಯಿಯ ಹತ್ತಿರ ಹೋದಳು. ನಾನು ಕಟ್ಟಿಗೆ ಅಡ್ಡೆಯಿಂದ ಪ್ಲೈವುಡ್ ತಂದು ಮುಖ ಕೊರೆಯಲು ಕೂತೆ. ಫೋಟೋ ನೋಡಿದ್ದು ನೋಡಿದ ಹಾಗೆ ಕೊರೆದೆ. ಅಚ್ಚು ತೆಗೆದಾಗ ಗೀರು ಬಲ ಹುಬ್ಬಿಗೆ ಹೋಗಿತ್ತು. ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆಂಬುದು ಮೊದಲ ವರ್ಷದ ಪಾಠ. ಅದೂ ಮರೆತಿತ್ತು. ಇನ್ನೊಂದು ಹಲಗೆ, ಮತ್ತೊಂದು ಹಲಗೆ. ಗೀರಿಗೆ ಬಂದಾಗಲೆಲ್ಲ ಕೈ ಅವಸರ ಮಾಡುತ್ತಿತ್ತು. ಕಡೆಗೆ ಒಂದು ಅಚ್ಚಿನಲ್ಲಿ ಅವಳು, ಸೂಜಿಗೆ ದಾರ ಪೋಣಿಸುವಾಗ ಕಣ್ಣು ಕಿರಿದು ಮಾಡುತ್ತಿದ್ದ ಹಾಗೆ, ನನ್ನ ಕಡೆ ನೋಡಿದಳು. ಕಾಗದ ಪೂರ್ತಿ ಒಣಗುವತನಕವೂ ಕಾಯಲಾಗದೆ ಅದನ್ನು ಸುರುಳಿ ಸುತ್ತಿ ಗಾಡಿ ಹತ್ತಿದೆ.

ತುಕ್ಕಾನಟ್ಟಿಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಮಗಳು ಒಲೆಯ ಬದಿಗೆ ಕೂತಿದ್ದಳು. ನಾನು ಪಡಸಾಲೆಯಲ್ಲಿ ಕಾಗದ ಬಿಡಿಸಿದೆ. ಮಗಳು ಹತ್ತಿರ ಬಂದು ನೋಡಿ ಹೌದೆಂದು ತಲೆಯಾಡಿಸಿದಳು. ಅತ್ತೆ ಹಿಟ್ಟಿನ ಕೈಯಲ್ಲೇ ಬಂದವರು ಒಂದೇ ಕ್ಷಣ ನೋಡಿ, ಮುಖ ಆಚೆ ಮಾಡಿದರು.

"ಅದನ್ಯಾಕ ಮತ್ತ ತಂದ್ರಿ?"

"ಏನ್ ಅತ್ತಿ?"

"ಆ ಗೀರ. ಬ್ಯಾನರದಾಗ ಇರಲಿಲ್ಲ. ಎಷ್ಟ ಹಗರಾಗಿತ್ತು ನನಗ."

ಅವರು ಒಲೆಯ ಮುಂದೆ ಹೋಗಿ ಕೂತರು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು, ತಿರುವಲಿಲ್ಲ. ಮಗಳು ಹೋಗಿ ತೆಗೆದಳು. ಅತ್ತೆ ತಾವಾಗಿಯೇ ಹೇಳಿದರು.

ನನ್ನ ಹೆಂಡತಿಗೆ ಒಬ್ಬ ತಮ್ಮನಿದ್ದ. ಇನ್ನೂ ಸಾಲಿಗೆ ಹಾಕುವ ವಯಸ್ಸಾಗಿರಲಿಲ್ಲ. ಹೊಲದ ಬಾವಿಗೆ ಬಿದ್ದ. ಅತ್ತೆ ದೂರದಲ್ಲಿ ಬೆಳೆಯ ನಡುವಿನ ಸದೆ ಕೀಳುತ್ತಿದ್ದರು. ಆಗಿನ್ನೂ ಚಿಕ್ಕವಳಾಗಿದ್ದ ನನ್ನ ಹೆಂಡತಿ ಕೂಗುತ್ತ ಅವನ ಹಿಂದೆಯೇ ಇಳಿದಳು. ಇಳಿಯುವಾಗ ಮೆಟ್ಟಿಲ ಕಲ್ಲಿಗೆ ಹಣೆ ಬಡಿಯಿತು. ಜನ ಓಡಿ ಬರುವಾಗ ಅವಳು ಕಲ್ಲಿಗೆ ಆತುಕೊಂಡಿದ್ದಳು, ಮುಖದ ತುಂಬ ರಕ್ತ. ಅವನನ್ನು ಆಮೇಲೆ ತೆಗೆದರು.

"ಆ ಗೀರ ನೋಡಿದಾಗೊಮ್ಮೆ ನನಗ ಅಂವ ಕಾಣ್ತಿದ್ದಾ," ಅಂದರು ಅತ್ತೆ. "ಆಕಿಗೂ ಅದು ಗೊತ್ತಿತ್ತು. ಅದಕ್ಕ ನನ್ನ ಮುಂದ ಬಂದ್ರ ಸೆರಗ ಹಣಿತನಕ ಎಳ್ಕೊಂತಿದ್ಳು. ನಾ ಅವನ ಹೆಸರ ತಗೀಲಿಲ್ಲ, ಆಕೀನೂ ತಗೀಲಿಲ್ಲ."

ತಾಯಿಯ ಮುಂದೆ ಅವಳು ಸೆರಗು ಹೊದೆಯುವುದನ್ನು ನಾನು ಹಳ್ಳಿಯ ರೀತಿ ಎಂದುಕೊಂಡಿದ್ದೆ. ಜೋಕಾಲಿಯ ಕತೆಯನ್ನು ಅವಳು ಯಾಕೆ ಕಟ್ಟಿದಳೆಂದು ಈಗ ಕೇಳುವಂತಿಲ್ಲ. ಬಹುಶಃ ಹೇಳಲು ಕೂತರೆ ಪೂರ್ತಿ ಹೇಳಬೇಕಾಗುತ್ತದೆಂದು ಹೆದರಿರಬೇಕು. ಇಷ್ಟು ವರ್ಷ ಜೊತೆಗಿದ್ದು ನನಗೆ ಇದು ತಿಳಿದಿರಲಿಲ್ಲ. ಎದ್ದು ಹೊರಗೆ ಬಂದು ಅಂಗಳದಲ್ಲಿ ಅಡ್ಡಾಡಿದೆ. ಅಚ್ಚನ್ನು ಸುತ್ತಿ ಗಾಡಿಯ ಬಾಕ್ಸಿನಲ್ಲಿ ಇಟ್ಟೆ. ಮಗಳು ಹಿಂದೆಯೇ ಬಂದು ಅದನ್ನು ತೆಗೆದುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

ಹೊರಡುವ ಹೊತ್ತಿಗೆ ಅತ್ತೆ ಅಂಗಳಕ್ಕೆ ಬಂದರು.

"ಅಂವನ್ನೂ ಮಾಡಾಕ ಬರ್ತೈತೇನ್ರಿ?"

"ಫೋಟೋ ಐತೇನ್ರಿ ಅತ್ತಿ?"

"ಆಗ ಯಾರ ತಗಸ್ತಿದ್ರು ಫೋಟೋ. ನಾ ಹೇಳ್ತೀನಿ, ನೀವ್ ಮಾಡ್ರಿ."

ಹಾಗೆ ಶುರುವಾದದ್ದು ಮಳೆಗಾಲದ ತನಕ ನಡೆಯಿತು. ನಾನು ಗೋಕಾಕದಲ್ಲಿ ಕೊರೆದು, ಅಚ್ಚು ತೆಗೆದು, ತುಕ್ಕಾನಟ್ಟಿಗೆ ಒಯ್ಯುತ್ತಿದ್ದೆ. ಅತ್ತೆ ನೋಡುತ್ತಿದ್ದರು. ಗಲ್ಲ ಇಷ್ಟು ತುಂಬಿರಲಿಲ್ಲ. ಕಿವಿ ಇನ್ನೂ ಸಣ್ಣವು. ಒಂದು ಸಲ ಬಹಳ ಕಷ್ಟಪಟ್ಟು ಒಂದು ಮುಖ ಮಾಡಿ ಒಯ್ದಿದ್ದೆ. ಅವರು ಕಣ್ಣಿಗೆ ಹತ್ತಿರ ಹಿಡಿದು, "ಇಂವ ಭಾಳ ಶಾಣ್ಯಾ ಕಾಣ್ತಾನ. ನನ್ನ ಮಗ ಇಷ್ಟ ಶಾಣ್ಯಾ ಇರಲಿಲ್ಲ," ಅಂದರು. ಮಗಳಿಗೆ ನಗು ತಡೆಯಲಾಗಲಿಲ್ಲ, ಅತ್ತೆಯೂ ನಕ್ಕರು. ಬಾಗಿಲು ಹಾಕಿದ್ದ ಮಾತು ಹೀಗೆ ತೆರೆಯಿತು. ಅವನು ಬೆಲ್ಲ ಕದಿಯುತ್ತಿದ್ದದ್ದು, ಅಕ್ಕನ ಜಡೆ ಹಿಡಿದು ಎಳೆಯುತ್ತಿದ್ದದ್ದು ಎಲ್ಲ ಹೊರಗೆ ಬಂದವು. ಮುಖ ಮಾತ್ರ ಬರಲಿಲ್ಲ. ಒಂದು ದಿನ ನಾನೇ ಸಿಟ್ಟಿಗೆದ್ದು, "ನನ್ನ ಕಡಿಂದ ಆಗೂದಿಲ್ರಿ ಅತ್ತಿ," ಅಂದೆ. ಅವರು ಬುಟ್ಟಿ ಎತ್ತಿಕೊಂಡು ಹೊಲಕ್ಕೆ ಹೊರಟರು. ನಾನೂ ಮಗಳೂ ಹಿಂದೆ ಹೋದೆವು. ದಾರಿಯಲ್ಲಿ ಅವರು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು:

"ಅಂವಾ ಎಂದೂ ನನ್ನ ಬಾಜೂಕ ನಡೀಲಿಲ್ಲ. ಯಾವಾಗ್ಲೂ ಮುಂದ ಓಡಾಂವ. ಬೆಳೀತಾನ ಅಂತ ಅಂಗಿ ಉದ್ದ ಹೊಲಸಿದ್ದೆ, ಮೊಣಕಾಲಿಗೆ ಬಡೀತಿತ್ತು."

ಆ ವಾರ ನಾನು ಬೆನ್ನು ಕೊರೆದೆ. ಉದ್ದಂಗಿಯ ಒಂದು ಹುಡುಗ, ಹೊಲದ ಬದುವಿನ ಮೇಲೆ ಮುಂದೆ ಓಡುತ್ತಿರುವವನು. ಮುಖವಿಲ್ಲ. ಅಂಗಿಯ ಹೊಲಿಗೆಯನ್ನು ಮಾತ್ರ ಉಳಿಯಿಂದ ಕೊರೆಯಲಿಲ್ಲ. ನನ್ನ ಹೆಂಡತಿಯ ಆ ಹಲ್ಲುಗಾಲಿಯನ್ನೇ ಹಲಗೆಯ ಮೇಲೆ ಒತ್ತಿ ಉರುಳಿಸಿದೆ. ಈ ಸಲ ಅಚ್ಚು ಒಯ್ಯಲಿಲ್ಲ, ಅತ್ತೆಯನ್ನೇ ಗೋಕಾಕಕ್ಕೆ ಕರೆದೆ.

ಅವರು ಬಂದವರೇ ಮೊದಲು ಹಗ್ಗದ ಮೇಲಿನ ಕಾಗದಗಳನ್ನು ನೋಡಿ, "ಅರಿವಿ ಒಣಗಸೋ ಜಾಗಾದಾಗ ಏನ್ ಮಾಡೀರಿ ಇದು," ಅಂದರು. ಮಸಿ ತೊಳೆಯಲು ನಾನು ಶೇಂಗಾ ಎಣ್ಣೆ ಸುರಿಯುವುದು ಕಂಡು ಇನ್ನೊಮ್ಮೆ ಬೈದರು. ನಾನು ಹಲಗೆಗೆ ಮಸಿ ಸವರಿ ಕಾಗದ ಹಾಸಿ ಚಮಚ ಕೊಟ್ಟೆ. ರೊಟ್ಟಿ ಬಡಿದ ಕೈ ಅದು. ನಾನು ತಿಕ್ಕುವುದಕ್ಕಿಂತ ಗಟ್ಟಿಯಾಗಿ ಒತ್ತಿತು. ಕಾಗದದ ಎರಡು ಮೂಲೆ ಮಗಳು ಹಿಡಿದಳು, ಎರಡು ಅತ್ತೆ. ಎತ್ತಿದರು.

ಅತ್ತೆ ಬಹಳ ಹೊತ್ತು ನೋಡಿದರು. ಕಣ್ಣೀರು ಬಂತು, ಒರೆಸಲು ಕೈಯಿರಲಿಲ್ಲ.

"ಅಂವ ಹೌದೊ ಅಲ್ಲೊ ನನಗ ತಿಳೀವಲ್ದು," ಅಂದರು. "ಖರೆ, ಕರದ್ರ ತಿರಗ್ತಾನ ಅನಸ್ತೈತಿ."

ಒಣಗಿದ ಮೇಲೆ ಕಳಿಸುತ್ತೇನೆಂದರೆ ಕೇಳಲಿಲ್ಲ. ಅದನ್ನು ಈಗಲೇ ಒಯ್ಯಬೇಕು, ಸುತ್ತಿದರೆ ಮಸಿ ಅಳಿಸುತ್ತದೆ, ಹಾಗೇ ಬಿಚ್ಚಿ ಹಿಡಿದುಕೊಂಡೇ ಹೋಗುತ್ತೇನೆ ಅಂದರು. ಗಾಡಿಯ ಮೇಲೆ ಗಾಳಿಗೆ ಹರಿದೀತೆಂದು ಬಸ್‌ಸ್ಟ್ಯಾಂಡಿನ ತನಕ ನಾನೂ ಅತ್ತೆಯೂ ನಡೆದೇ ಹೋದೆವು. ಜನ ಬದಿಗೆ ಸರಿದು ದಾರಿ ಬಿಟ್ಟರು. ತುಕ್ಕಾನಟ್ಟಿಯ ಮೇಲೆ ಹೋಗುವ ಮೂಡಲಗಿ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅತ್ತೆ ಅಚ್ಚನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು ಕೂತರು. ನಾನು ಕೆಳಗೆ ನಿಂತಿದ್ದೆ. ಕಂಡಕ್ಟರ್ ಬಂದು ಆಧಾರ್ ಕಾರ್ಡ್ ಕೇಳಿದ. ಹೆಣ್ಣುಮಕ್ಕಳಿಗೆ ಟಿಕೆಟ್ಟು ಫ್ರೀ, ಆದರೆ ಕಾರ್ಡ್ ತೋರಿಸಬೇಕು.

"ಕೈ ಖಾಲಿ ಇಲ್ಲೋ ತಮ್ಮಾ. ನಮ್ಮ ಅಳಿಯಾ ತೋರಸ್ತಾರ," ಎಂದು ಅವರು ಕಿಟಕಿಯಿಂದ ನನ್ನನ್ನು ಕರೆದರು.

ನಾನು ಹತ್ತಿ, ಅವರ ಚೀಲದಲ್ಲಿ ಕಾರ್ಡ್ ಹುಡುಕಿದೆ. ಎಲೆ ಅಡಿಕೆ ಸಂಚಿ, ಕನ್ನಡಕ, ಮೊಮ್ಮಗಳು ಕೊಟ್ಟ ಕರದಂಟಿನ ಪೊಟ್ಟಣ, ಎಲ್ಲದರ ಕೆಳಗೆ ಸಿಕ್ಕಿತು. ಕಂಡಕ್ಟರ್ ಕಾರ್ಡ್ ನೋಡಿ, ಕಾಗದದ ಕಡೆ ನೋಡಿ, "ಯಾರ ಆಯಿ ಇಂವಾ?" ಅಂದ.

"ನನ್ನ ಮಗ," ಅಂದರು ಅತ್ತೆ. ಆಮೇಲೆ ಅವನ ಹೆಸರು ಹೇಳಿದರು.

ಅಷ್ಟರಲ್ಲಿ ಬಸ್ಸು ಸ್ಟ್ಯಾಂಡು ಬಿಟ್ಟಿತ್ತು. ನಿಲ್ಲಿಸು ಅನ್ನಬಹುದಿತ್ತು, ಅನ್ನಲಿಲ್ಲ. ತುಕ್ಕಾನಟ್ಟಿಗೆ ಒಂದು ಟಿಕೆಟ್ ತೆಗೆಸಿ, ಸಂಜೆಗೆ ಬರುತ್ತೇನೆಂದು ಮಗಳಿಗೆ ಫೋನ್ ಮಾಡಿ, ಸೀಟಿಲ್ಲದ್ದರಿಂದ ಕಂಬಿ ಹಿಡಿದು ಅವರ ಪಕ್ಕದಲ್ಲೇ ನಿಂತೆ. ಕಿಟಕಿಯ ಗಾಳಿಗೆ ಕಾಗದ ಪಟಪಟ ಬಡಿಯುತ್ತಿತ್ತು. ಅದರ ಕೆಳಗಿನ ಅಂಚನ್ನು ಒಂದು ಕೈಯಿಂದ ಒತ್ತಿ ಹಿಡಿದೆ.